92 ಡಿಗ್ರಿ ಅಂದ್ರೆ ಗಾಬರಿ ಬೇಕಾ?

ಪ್ರಶ್ನೆ: ಮದುವೆ ವಿಡಿಯೊ ಎಡಿಟ್ ಮಾಡುವಾಗ ನನ್ನ ಇಂಟೆಲ್ ಲ್ಯಾಪ್‌ಟಾಪಿನ ಪ್ರೊಸೆಸರ್ 92 ಡಿಗ್ರಿ ತೋರಿಸುತ್ತದೆ. ಸುಟ್ಟು ಹೋಗುತ್ತಾ ಸರ್?
– ಓದುಗರು, ರಾಯಚೂರು

ಉತ್ತರ: ಇಲ್ಲ ಮಾರಾಯ್ರೇ. ಇಂಟೆಲ್‌ನ ಬಹಳಷ್ಟು ಲ್ಯಾಪ್‌ಟಾಪ್ ಚಿಪ್‌ಗಳ ಮಿತಿ 100 ಡಿಗ್ರಿ. ಅಲ್ಲಿಗೆ ಮುಟ್ಟಿದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಗಲೂ ಬಿಸಿ ಇಳಿಯದಿದ್ದರೆ ಲ್ಯಾಪ್‌ಟಾಪೇ ಆಫ್ ಆಗುತ್ತದೆ. ಸುಮ್ನೆ ಒಂದು ವರ್ಡ್ ಫೈಲ್ ತೆರೆದಿಟ್ಟಾಗಲೂ 80 ದಾಟಿದರೆ ಮಾತ್ರ ಅನುಮಾನಪಡಿ. ಎಚ್‌ಡಬ್ಲ್ಯೂಇನ್ಫೊ ಎಂಬ ಬಿಸಿ ತೋರಿಸುವ ಸಾಫ್ಟ್‌ವೇರ್ ಹಾಕಿಕೊಂಡು ‘ಥರ್ಮಲ್ ಥ್ರಾಟ್ಲಿಂಗ್’ ಸಾಲು ನೋಡಿ. ‘ಯೆಸ್’ ಅಂತಿದ್ದರೆ ಬಿಸಿಗೆ ವೇಗ ಇಳಿದಿದೆ ಎಂದರ್ಥ. ನಿಮ್ಮೂರಿನ ಏಪ್ರಿಲ್ ಬಿಸಿಲು ಬೇರೆ! ಫ್ಯಾನ್ ಎಳೆಯುವುದು ಅದೇ ಬಿಸಿಗಾಳಿಯನ್ನು ಅಲ್ವಾ? ಹಾಸಿಗೆ ಮೇಲಿಟ್ಟರೆ ಕೆಳಗಿನ ಜಾಲರಿಯೂ ಮುಚ್ಚುತ್ತದೆ. ಮೊದಲು ಫ್ಯಾನಿನ ಧೂಳು ತೆಗೆಸಿ, ಚಿಪ್‌ನ ಬಿಸಿಯನ್ನು ಹೊರಕ್ಕೆ ದಾಟಿಸುವ ಹಳೇ ಥರ್ಮಲ್ ಪೇಸ್ಟ್ ಬದಲಿಸಲು ಹೇಳಿ. ಲ್ಯಾಪ್‌ಟಾಪ್ ಕೆಳಗಿಡುವ ಅಗ್ಗದ ಕೂಲಿಂಗ್ ಪ್ಯಾಡ್ ಮೇಲೆ ನನಗಂತೂ ಜಾಸ್ತಿ ನಂಬಿಕೆಯಿಲ್ಲ.