ಕಡಲಲ್ಲಿ ವಿಷಪಾಚಿ ಹೆಚ್ಚಾದಾಗ ಪಚ್ಚಿಲೆಯನ್ನು (ಕಡಲ ಚಿಪ್ಪುಜೀವಿ) ಚೆನ್ನಾಗಿ ಬೇಯಿಸಿ ತಿಂದರೆ ಸಾಕಲ್ವಾ?

ಸಾಲದು. ಈ ವಿಷ ಕುದಿಸಿದರೂ ಹೋಗುವುದಿಲ್ಲ, ರುಚಿ ವಾಸನೆಯಲ್ಲೂ ಗೊತ್ತಾಗುವುದಿಲ್ಲ. ಪಚ್ಚಿಲೆ, ಮರುವಾಯಿಯಂಥ ಚಿಪ್ಪುಜೀವಿಗಳು ನೀರು ಸೋಸಿ ಪಾಚಿ ತಿನ್ನುತ್ತವೆ. ವಿಷ ಅವುಗಳ ಮೈಯಲ್ಲೇ ಕೂಡಿಕೊಳ್ಳುತ್ತದೆ.

1987ರ ಕೊನೆಯಲ್ಲಿ ಕೆನಡಾದಲ್ಲಿ ಪ್ರಿನ್ಸ್ ಎಡ್ವರ್ಡ್ ದ್ವೀಪದ ಪಚ್ಚಿಲೆ ತಿಂದು ನೂರಕ್ಕೂ ಜಾಸ್ತಿ ಜನ ಕಾಯಿಲೆ ಬಿದ್ದರು. ಮೂವರು ತೀರಿಕೊಂಡರು. ಕೆಲವರಿಗೆ ಹೊಸದೇನೂ ನೆನಪಲ್ಲಿ ಉಳಿಯದಂತಾಯಿತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಸರ್ಕಾರ ಮಾರಾಟ ನಿಲ್ಲಿಸಿತು. ವಿಜ್ಞಾನಿಗಳು ಕೆಲವೇ ದಿನಗಳಲ್ಲಿ ಆ ವಿಷ ಪಾಚಿಯಿಂದ ಬರುವ ಡೊಮೋಯಿಕ್ ಆಮ್ಲ ಎಂದು ಪತ್ತೆಹಚ್ಚಿದರು. ಆಮೇಲೆ ಕಿಲೋ ಮಾಂಸಕ್ಕೆ 20 ಮಿಲಿಗ್ರಾಂ ಎಂಬ ಮಿತಿ ಬಂತು. ಅದು ದಾಟಿದರೆ ಆ ಜಾಗದಲ್ಲಿ ಪಚ್ಚಿಲೆ ತೆಗೆಯುವಂತಿಲ್ಲ, ನೀರು ಎಷ್ಟೇ ತಿಳಿಯಾಗಿ ಕಂಡರೂ ಅಷ್ಟೇ.

ತಿಂದ ಮೇಲೆ ವಾಂತಿ, ತಲೆಸುತ್ತು, ಗೊಂದಲ ಕಂಡರೆ ಸುಮ್ನೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.