ಗೈಡ್ ‘ಪೀಕ್ ತೆಗೆ’ ಅಂದರೆ ಏನು ಮಾಡಲಿ?

ಪ್ರಶ್ನೆ: ಬೆಳಗಾವಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಎರಡನೇ ವರ್ಷ. ಸೋಲ್-ಜೆಲ್ ವಿಧಾನದಲ್ಲಿ (ಲವಣಗಳ ದ್ರಾವಣವನ್ನು ಅಂಟಾಗಿಸಿ ಸುಡುವುದು) ಕೋಬಾಲ್ಟ್ ಫೆರೈಟ್ ಎಂಬ ಕಾಂತೀಯ ಪುಡಿ ತಯಾರಿಸುತ್ತೇನೆ. ಏಪ್ರಿಲ್‌ನಲ್ಲಿ ಮಾಡಿದ ಸ್ಯಾಂಪಲ್ ಚೊಕ್ಕ ಬಂದಿತ್ತು. ಜುಲೈಯಿಂದ ಈಚೆಗೆ ಮಾಡಿದ್ದಕ್ಕೆಲ್ಲ ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇ ಹಾಯಿಸಿ ಪುಡಿಯಲ್ಲಿ ಯಾವ ಹರಳಿದೆ ಎಂದು ತಿಳಿಯುವ ಪರೀಕ್ಷೆ) 33.2 ಡಿಗ್ರಿ ಕೋನದ ಹತ್ತಿರ ಬೇಡದ ಪೀಕ್ ಬರುತ್ತಿದೆ. ಗೈಡ್ ಸರ್ ‘ಸಣ್ಣದು, ತೆಗೆದುಹಾಕಿ ಪೇಪರ್ ಕಳಿಸು’ ಎನ್ನುತ್ತಾರೆ. ಜಮಖಂಡಿಯ ಮನೆಯಲ್ಲಿ ಮದುವೆ ಮಾತು ನಡೆದಿದೆ. ನನ್ನ ಕೈಗುಣವೇ ಸರಿಯಿಲ್ಲ ಅನ್ನಿಸುತ್ತಿದೆ. ಬಿಟ್ಟುಬಿಡಲೇ?

ಉತ್ತರ: ಏಪ್ರಿಲ್‌ನಲ್ಲಿ ಸರಿ, ಜುಲೈಯಲ್ಲಿ ತಪ್ಪು ಎಂದು ಬರೆದಿದ್ದೀರಿ. ಅರ್ಧ ಉತ್ತರ ಅಲ್ಲೇ ಇದೆ. ಕೈಗುಣವನ್ನು ದೂರುವ ಮೊದಲು ಕೋಬಾಲ್ಟ್ ನೈಟ್ರೇಟ್ ಬಾಟಲಿ ತೆರೆದು ನೋಡಿ. ಹರಳು ಬಿಡಿಬಿಡಿಯಾಗಿ ಉದುರುತ್ತಿವೆಯೋ, ನೀರು ಬಿಟ್ಟ ಬೆಲ್ಲದ ಹಾಗೆ ಚಮಚಕ್ಕೆ ಮೆತ್ತಿಕೊಳ್ಳುತ್ತಿವೆಯೋ? ಕೋಬಾಲ್ಟ್ ನೈಟ್ರೇಟ್, ಫೆರಿಕ್ ನೈಟ್ರೇಟ್ ಎರಡೂ ಗಾಳಿಯ ತೇವ ಹೀರುತ್ತವೆ. ಬೆಳಗಾವಿಯ ಮಳೆಗಾಲದಲ್ಲಿ ಮುಚ್ಚಳ ಸಡಿಲ ಬಿಟ್ಟರೆ ಕೇಳುವುದೇ ಬೇಡ. (ಇದೇ ಬಾಟಲಿ ವಿಜಯಪುರದಲ್ಲಿದ್ದಿದ್ದರೆ ಇಷ್ಟು ಬೇಗ ಕೆಡುತ್ತಿರಲಿಲ್ಲವೇನೋ.)

ಲೆಕ್ಕ ಹಾಕೋಣ. 0.01 ಮೋಲ್ ಫೆರೈಟ್‌ಗೆ ನೀವು 2.91 ಗ್ರಾಂ ಕೋಬಾಲ್ಟ್ ನೈಟ್ರೇಟ್, 8.08 ಗ್ರಾಂ ಫೆರಿಕ್ ನೈಟ್ರೇಟ್ ತೂಗುತ್ತೀರಿ. ಆ 2.91ರಲ್ಲಿ ಶೇ 10 ಬರೀ ಹೆಚ್ಚುವರಿ ನೀರು ಎಂದುಕೊಳ್ಳಿ. ಆಗ ಬೀಕರ್‌ಗೆ ಬಿದ್ದ ಕೋಬಾಲ್ಟ್ 0.009 ಮೋಲ್ ಮಾತ್ರ. ಫೆರೈಟ್‌ನಲ್ಲಿ ಒಂದು ಕೋಬಾಲ್ಟ್‌ಗೆ ಎರಡು ಕಬ್ಬಿಣ. ಜೊತೆ ಸಿಗದೆ ಉಳಿದ ಕಬ್ಬಿಣ ಸುಮಾರು 0.16 ಗ್ರಾಂ ಹೆಮಟೈಟ್ (ಕಬ್ಬಿಣದ ಆಕ್ಸೈಡ್) ಆಗುತ್ತದೆ, ಅಂದರೆ ಪುಡಿಯ ತೂಕದಲ್ಲಿ ಶೇ 7. ಹೆಮಟೈಟ್‌ನ ಅತಿ ಎತ್ತರದ ಪೀಕ್ ಇರುವುದೇ 33.2 ಡಿಗ್ರಿಯಲ್ಲಿ. ಎರಡೂ ಲವಣ ಸಮನಾಗಿ ತೇವ ಹೀರಿದ್ದರೆ ಅನುಪಾತ ಕೆಡುವುದಿಲ್ಲ. ಒಂದು ಬಾಟಲಿ ಹಳೆಯದು, ಇನ್ನೊಂದು ಈಗಷ್ಟೇ ಸೀಲ್ ಒಡೆದದ್ದು ಆದಾಗಲೇ ಈ ಎಡವಟ್ಟು.

ಊಹೆಯ ಮೇಲೆ ನಡೆಯಬೇಡಿ, ಸುಟ್ಟು ತೂಗಿ. ಖಾಲಿ ಕ್ರೂಸಿಬಲ್‌ನ (ಬೆಂಕಿ ತಡೆಯುವ ಬಟ್ಟಲು) ತೂಕ ಬರೆದಿಟ್ಟುಕೊಂಡು ಅದರಲ್ಲಿ 1.000 ಗ್ರಾಂ ಕೋಬಾಲ್ಟ್ ನೈಟ್ರೇಟ್ ಹಾಕಿ. ಮೊದಲು ಫ್ಯೂಮ್ ಹುಡ್‌ನಲ್ಲಿ ಹಾಟ್‌ಪ್ಲೇಟ್ ಮೇಲೆ ನಿಧಾನಕ್ಕೆ ಕಾಯಿಸಿ. ಅವಸರ ಮಾಡಿದರೆ ಲವಣ ತನ್ನ ನೀರಿನಲ್ಲೇ ಕರಗಿ ಕುದಿದು ಹೊರಗೆ ಸಿಡಿಯುತ್ತದೆ, ತೂಕದ ಲೆಕ್ಕ ಅಲ್ಲಿಗೇ ಹೋಯಿತು. ಏಳುವ ಕಂದು ಹೊಗೆ ವಿಷ, ಅದು ಪೂರ್ತಿ ನಿಂತ ಮೇಲೆ ಫರ್ನೇಸ್‌ನಲ್ಲಿ 600 ಡಿಗ್ರಿಗೆ 2 ತಾಸು ಇಡಿ, ಡೆಸಿಕೇಟರ್‌ನಲ್ಲಿ (ತೇವ ತಾಗದ ಮುಚ್ಚಿದ ಪಾತ್ರೆ) ತಣಿಸಿ ತೂಗಿ. ಲವಣ ಸರಿಯಿದ್ದರೆ 0.276 ಗ್ರಾಂ ಕಪ್ಪು ಆಕ್ಸೈಡ್ ಉಳಿಯಬೇಕು. 0.248 ಬಂದರೆ ಶೇ 10 ನೀರು ಸೇರಿದೆ ಎಂದರ್ಥ, ಆಗ ನೀವು ತೂಗಬೇಕಾದದ್ದು 2.91 ಅಲ್ಲ, 3.23 ಗ್ರಾಂ. ಫೆರಿಕ್ ನೈಟ್ರೇಟ್‌ಗೂ ಹೀಗೇ ಮಾಡಿ, ಅಲ್ಲಿ ಉಳಿಯಬೇಕಾದದ್ದು 0.198 ಗ್ರಾಂ. ಪ್ರತಿ ಲವಣಕ್ಕೂ ಎರಡೆರಡು ಕ್ರೂಸಿಬಲ್ ಇಟ್ಟರೆ ಒಂದರ ತಪ್ಪು ಇನ್ನೊಂದರಲ್ಲಿ ಗೊತ್ತಾಗುತ್ತದೆ.

ಎರಡೂ ಲವಣ ಸರಿಯಿದ್ದರೆ? ಅಮೋನಿಯಾ ಹಾಕುವಾಗಿನ ನಿಮ್ಮ ಕೈ ನೋಡಿಕೊಳ್ಳಿ. ಪಿಎಚ್ 7 ಮುಟ್ಟಿಸುವ ಆತುರದಲ್ಲಿ ಒಮ್ಮೆಲೇ ಸುರಿದರೆ ಬಿದ್ದಲ್ಲೇ ಕಂದು ಕಣಗಳು ಕಟ್ಟುತ್ತವೆ. ಕಬ್ಬಿಣ, ಲೋಹಗಳನ್ನು ದ್ರಾವಣದಲ್ಲಿ ಒಟ್ಟಿಗೆ ಹಿಡಿದಿಡುವ ಸಿಟ್ರೇಟ್‌ನ ಹಿಡಿತ ಬಿಟ್ಟು ಬೇರೆಯಾಯಿತು ಎಂಬುದರ ಗುರುತು ಅದು. ಇಂಥ ಸ್ಯಾಂಪಲ್ಲನ್ನು ಅಗೇಟ್ ಒರಳಿನಲ್ಲಿ ಮತ್ತೆ ಅರೆದು 900 ಡಿಗ್ರಿಗೆ 4 ತಾಸು ಇಟ್ಟರೆ ಹೆಮಟೈಟ್ ಪೀಕ್ ಕುಗ್ಗಬೇಕು. ಕುಗ್ಗದಿದ್ದರೆ ಮತ್ತೆ ಅನುಪಾತದ ಕಡೆಗೇ ಹೋಗಿ.

ಇನ್ನು ಸರ್ ಮಾತು. ಅದನ್ನು ಮಾಡಬೇಡಿ. ನೀತಿ ಪಕ್ಕಕ್ಕಿಟ್ಟು ನೋಡಿದರೂ ಅದು ನಿಲ್ಲುವ ಕೆಲಸವಲ್ಲ. ಫೆರೈಟ್‌ನ ಸ್ವಂತ ಪೀಕ್‌ಗಳು 30.1 ಮತ್ತು 35.4ರಲ್ಲಿ, ಅಂದರೆ ಆಚೆಗೂ ಈಚೆಗೂ ಇವೆ. ಹಾಗಾಗಿ ಗ್ರಾಫನ್ನು ಕತ್ತರಿಸಿ ಪೀಕ್ ಮರೆಮಾಡಲು ಬರುವುದಿಲ್ಲ, ಅಳಿಸಲೇಬೇಕು. ಅಳಿಸಿದ ಜಾಗದಲ್ಲಿ ನಾಯ್ಸ್ ಸಪಾಟಾಗಿರುತ್ತದೆ, ಅಕ್ಕಪಕ್ಕ ಗರಗಸದ ಹಲ್ಲು. ಪೇಪರ್ ಪರಿಶೀಲಿಸುವ ಗಟ್ಟಿ ರೆಫರಿಯ ಕಣ್ಣಿಗೆ ಅದು ಬೀಳುತ್ತದೆ, ಯಂತ್ರ ಕೊಟ್ಟ ಮೂಲ ರಾ ಫೈಲ್ ಕೇಳುತ್ತಾರೆ. ಮೇಲಾಗಿ ಹೆಮಟೈಟ್‌ಗೆ ಕಾಂತತ್ವ ಇಲ್ಲವೆನ್ನುವಷ್ಟು ಕಡಿಮೆ. ವಿಎಸ್‌ಎಂನಲ್ಲಿ (ಕಾಂತತ್ವ ಅಳೆಯುವ ಯಂತ್ರ) ಮ್ಯಾಗ್ನೆಟೈಸೇಷನ್ ಸುಮಾರು ಶೇ 7 ಇಳಿದಾಗ ಅದಕ್ಕೆ ಇನ್ನೊಂದು ಸುಳ್ಳು ಕಾರಣ ಹುಡುಕಬೇಕಾಗುತ್ತದೆ.

ಸರ್ ಎದುರು ‘ನೀವು ಹೇಳಿದ್ದು ತಪ್ಪು’ ಎಂದು ಶುರು ಮಾಡಿದರೆ ಮಾತು ಅಲ್ಲೇ ಮುಗಿಯುತ್ತದೆ. ಏಪ್ರಿಲ್ ಮತ್ತು ಜುಲೈ ಗ್ರಾಫ್, ಕ್ರೂಸಿಬಲ್ ತೂಕ ಎಲ್ಲ ಒಂದೇ ಹಾಳೆಯಲ್ಲಿಟ್ಟು, ‘ಸರ್, ಕಾರಣ ಸಿಕ್ಕಿದೆ, 15 ದಿನ ಕೊಡಿ, ಹೊಸ ಸ್ಯಾಂಪಲ್ ಮಾಡುತ್ತೇನೆ’ ಎನ್ನಿ. ಹೆಚ್ಚಿನ ಗೈಡ್‌ಗಳು ಇದಕ್ಕೆ ಒಪ್ಪುತ್ತಾರೆ. ಅವರಿಗೂ ಬೇಕಿರುವುದು ಪೇಪರ್, ಜಗಳವಲ್ಲ. ಅಷ್ಟೂ ಅವಸರವಿದ್ದರೆ ರಿಟ್‌ವೆಲ್ಡ್ (ಎಕ್ಸ್‌ಆರ್‌ಡಿ ಗ್ರಾಫಿನಿಂದ ಯಾವುದು ಎಷ್ಟಿದೆ ಎಂದು ತೆಗೆಯುವ ಲೆಕ್ಕ) ಮಾಡಿ ಹೆಮಟೈಟ್ ಶೇಕಡಾ ಎಷ್ಟಿದೆಯೆಂದು ಬರೆದೇ ಕಳಿಸಬಹುದು, ಅದರಲ್ಲಿ ನಾಚಿಕೆಯೇನಿಲ್ಲ. ನಿಮ್ಮಲ್ಲಿ ಎಕ್ಸ್‌ಆರ್‌ಡಿ ಸರದಿ ಉದ್ದವಿದ್ದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರದಲ್ಲಿ ವಿಚಾರಿಸಿ. ಇಷ್ಟಾಗಿಯೂ ಸರ್ ಅಳಿಸಲೇಬೇಕು ಎಂದರೆ, ಪ್ರತಿ ಸೆಮಿಸ್ಟರ್‌ನ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪೀಕ್ ಇರುವ ಗ್ರಾಫನ್ನೇ ತೋರಿಸಿ.

ಬಿಡುವ ವಿಚಾರ. ಲ್ಯಾಬ್ ಕೆಲಸವೇ ಬೇಸರವಾಗಿದ್ದರೆ ಬಿಡುವುದರಲ್ಲಿ ತಪ್ಪಿಲ್ಲ. ಆದರೆ ಪೀಕಿನ ಜಾಗವನ್ನು ದಶಮಾಂಶದವರೆಗೆ ಬರೆದವರಿಗೆ ಬೇಸರ ಬಂದಂತೆ ಕಾಣುವುದಿಲ್ಲ. ಮನೆಯವರು ಕೇಳುವುದು ‘ಇನ್ನೂ ಎಷ್ಟು ವರ್ಷ’ ಅಂತ. ಉತ್ತರ ಅಂಕಿಯಲ್ಲೇ ಕೊಡಿ. ಯುಜಿಸಿಯ 2022ರ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ, ಮಹಿಳೆಯರಿಗೆ ಇನ್ನೂ 2 ವರ್ಷದ ಸಡಿಲಿಕೆ ಇದೆ. ಹೆರಿಗೆ ಮತ್ತು ಮಕ್ಕಳ ಆರೈಕೆಗೆ 240 ದಿನಗಳವರೆಗೆ ರಜೆಯೂ ಸಿಗುತ್ತದೆ. ನೋಡಲು ಬರುವ ಹುಡುಗನ ಕಡೆಯವರಿಗೆ ಥೀಸಿಸ್ ಮುಗಿಯುವತನಕ ಬೆಳಗಾವಿಯಲ್ಲೇ ಇರುತ್ತೇನೆ, ಫರ್ನೇಸ್ ಹಚ್ಚಿದ ದಿನ ಮನೆಗೆ ಬರುವುದು ತಡವಾಗುತ್ತದೆ ಎಂಬುದನ್ನು ಮಾತುಕತೆಯ ದಿನವೇ ಹೇಳಿಸಿ. ಅವ್ವನಿಂದ ಹೇಳಿಸಿದರೆ ಇನ್ನೂ ಒಳ್ಳೆಯದು.