ಆ ಹುಡುಗ ಕೈ ಬೆಚ್ಚಗೆ ಮಾಡಿಕೊಂಡು ಬಂದಿದ್ದ

ಓದುಗರ ಪತ್ರ: “ವೈದ್ಯಕೀಯ ಕಾಲೇಜಿನಲ್ಲಿ 18 ವರ್ಷದಿಂದ ಫಿಸಿಯಾಲಜಿ, ಅಂದರೆ ದೇಹ ಹೇಗೆ ಕೆಲಸ ಮಾಡುತ್ತದೆ ಅನ್ನುವ ಪಾಠ ಮಾಡುತ್ತಿದ್ದೇನೆ. ಈಗಿನ ವಿದ್ಯಾರ್ಥಿಗಳಿಗೆ ಕಲಿಯುವ ಆಸಕ್ತಿಯೇ ಇಲ್ಲ. ಕ್ಲಾಸಿಗೆ ಬರುವುದಿಲ್ಲ, ಬಂದವರ ಕಣ್ಣು ಫೋನಿನ ಮೇಲೆ. ಪಾಠ ಮುಗಿದ ಕೂಡಲೇ ‘ಸ್ಲೈಡ್ ಕಳಿಸಿ ಸರ್’ ಅನ್ನುತ್ತಾರೆ, ಅಷ್ಟೇ. ಹಾಜರಿ ಬಿಗಿ ಮಾಡಿ, ಪರೀಕ್ಷೆ ಕಷ್ಟ ಮಾಡದೆ ಇವರು ದಾರಿಗೆ ಬರುವುದಿಲ್ಲ. ನೀವೂ ಇದನ್ನು ಗಟ್ಟಿಯಾಗಿ ಬರೆಯಬೇಕು.”

ಡಾಕ್ಟರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎಷ್ಟೋ ಜನ ಪಾಠ ಮುಗಿಸಿ ಸುಮ್ನೆ ಮನೆಗೆ ಹೋಗುತ್ತಾರೆ. ಹುಡುಗರ ಕಿವಿಗೆ ಬಿತ್ತೋ ಇಲ್ಲವೋ ಅಂತ ತಲೆ ಕೆಡಿಸಿಕೊಳ್ಳುವುದಿಲ್ಲ. 18 ವರ್ಷ ಆದಮೇಲೂ ನೀವು ತಲೆ ಕೆಡಿಸಿಕೊಂಡಿದ್ದೀರಿ. ಅದಕ್ಕೇ ನಿಮ್ಮ ಜೊತೆ ಮನಸ್ಸು ಬಿಚ್ಚಿ ಜಗಳ ಆಡಬಹುದು ಅನಿಸಿತು.

ಹಾಜರಿ ಬೇಕು, ಒಪ್ಪಿದೆ. ನಾಳೆ ಇವರ ಕೈಗೆ ಜೀವಗಳು ಬರುತ್ತವೆ, ಮನಸ್ಸು ಬಂದಾಗ ಬಂದು ಹೋಗುವ ಓದಲ್ಲ ಇದು. ಫೋನಿನ ಕಾಟವೂ ನಿಜ. ಆದರೆ “ಆಸಕ್ತಿಯೇ ಇಲ್ಲ” ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಇಷ್ಟು ಕಷ್ಟದ ಓದಿಗೆ ಬಂದು ಸೇರಿದವರಲ್ಲಿ ಮೊದಲ ದಿನ ಆಸೆ ಇದ್ದೇ ಇತ್ತು. ಅದು ಎಲ್ಲಿ ಹೋಯಿತು ಅಂತ ಕೇಳಬೇಕು. ನನಗೆ ಅದು ಹೋಗುವುದು ಕಣ್ಣಾರೆ ಕಾಣಿಸಿದೆ.

ಕೆಲವು ವರ್ಷದ ಹಿಂದೆ ನಾನು ಆಸ್ಪತ್ರೆಯಲ್ಲಿ ಮಲಗಿದ್ದೆ. ನಡೆದರೆ ತಲೆ ಸುತ್ತು, ಸುಸ್ತು, ರಕ್ತದ ಅಂಶ ತುಂಬಾ ಕಡಿಮೆ. ಎರಡನೇ ದಿನ ಮಧ್ಯಾಹ್ನ ಒಬ್ಬ ವಿದ್ಯಾರ್ಥಿ ಕೇಸ್ ತೆಗೆದುಕೊಳ್ಳಲು, ಅಂದರೆ ನನ್ನ ಕಾಯಿಲೆಯ ವಿವರ ಕೇಳಿ ಬರೆದುಕೊಳ್ಳಲು ಬಂದ. ಹೊಟ್ಟೆ ಮುಟ್ಟುವ ಮೊದಲು ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡ. ಯಾರು ಹೇಳಿಕೊಟ್ಟಿದ್ದರೋ. ಮುಕ್ಕಾಲು ಗಂಟೆ ಕೂತು ಮಾತಾಡಿಸಿದ. ಮನೆಯಲ್ಲಿ ಯಾರಿದ್ದಾರೆ, ನಿದ್ದೆ ಹೇಗೆ, ಮಲ ಕಪ್ಪಗೆ ಹೋಗುತ್ತಾ, ಡಾಕ್ಟರು ಬರೆದುಕೊಡದೆ ನೀವೇ ತಗೊಳ್ಳುವ ಮಾತ್ರೆ ಏನಾದರೂ ಇದೆಯಾ. ಇತ್ತು. ಮೊಣಕಾಲು ನೋವಿಗೆ ಮೂರು ತಿಂಗಳಿಂದ ನಾನೇ ಕೊಂಡು ನುಂಗುತ್ತಿದ್ದ ನೋವಿನ ಮಾತ್ರೆ. ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ, ಹೇಳಬೇಕು ಅಂತ ನನಗೂ ಹೊಳೆದಿರಲಿಲ್ಲ. ಅವನ ಮುಖ ಅರಳಿದ್ದು ಇನ್ನೂ ನೆನಪಿದೆ. ಆ ಮಾತ್ರೆ ಹೊಟ್ಟೆಯೊಳಗೆ ಹುಣ್ಣು ಮಾಡಿ ರಕ್ತ ಒಸರುವಂತೆ ಮಾಡಬಹುದು ಅಂತ ಅವನು ಪುಸ್ತಕದಲ್ಲಿ ಓದಿದ್ದ. ಈಗ ಅದು ಅವನ ಎದುರಿಗೇ ಮಲಗಿತ್ತು.

ಮರುದಿನ ರೌಂಡ್ಸ್. ದೊಡ್ಡ ಡಾಕ್ಟರು, ಹಿಂದೆ ಹತ್ತು ಜನ. ಅವನನ್ನು ಮುಂದೆ ಕರೆದು ರಕ್ತಹೀನತೆಯ ಕಾರಣಗಳನ್ನು ಹೇಳು ಅಂದರು. ಮೂರು ಹೇಳಿದ, ನಾಲ್ಕನೆಯದಕ್ಕೆ ತಡವರಿಸಿದ. “ನಿನಗೆ ಸೀಟು ಕೊಟ್ಟವರು ಯಾರು?” ಅಂತ ನನ್ನ ಮುಂದೆ, ಅಕ್ಕಪಕ್ಕದ ಮಂಚದವರ ಮುಂದೆ ಕೇಳಿದರು. ಕೆಲವರು ನಕ್ಕರು. ಮಾತ್ರೆಯ ವಿಷಯ ಹೇಳಲು ಅವನಿಗೆ ಬಾಯೇ ಬರಲಿಲ್ಲ. ನಾನೇ ಹೇಳಿದೆ. ಡಾಕ್ಟರು ಬರೆದುಕೊಂಡರು, ಆ ಮಾತ್ರೆ ನಿಲ್ಲಿಸಿದರು, ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವ ಎಂಡೋಸ್ಕೋಪಿಗೆ ಬರೆದರು. ಇದನ್ನು ಕೇಳಿ ತಿಳಿದುಕೊಂಡವನು ಈ ಹುಡುಗ ಅಂತ ಬಿಡಿಸಿ ಹೇಳುವಷ್ಟರಲ್ಲಿ ಗುಂಪು ಪಕ್ಕದ ಮಂಚಕ್ಕೆ ಹೋಗಿತ್ತು. ನಾನಿದ್ದ ಇನ್ನೂ ಆರು ದಿನ ಅವನು ಆ ವಾರ್ಡಿನಲ್ಲಿ ಕಾಣಿಸಲಿಲ್ಲ.

ಅವನ ಹೆಸರಿನ ಮುಂದೆ ಆ ವಾರ ಎಷ್ಟು ಗೈರುಹಾಜರಿ ಬಿತ್ತೋ ಗೊತ್ತಿಲ್ಲ. ನಿಮ್ಮಂಥ ಇನ್ನೊಬ್ಬರು ಆ ಪಟ್ಟಿ ನೋಡಿ “ಆಸಕ್ತಿ ಇಲ್ಲ” ಅಂದಿರುತ್ತಾರೆ, ಅಲ್ವಾ?

ಅಲ್ಲಿಂದ ನನಗೆ ಈ ವಿಷಯ ಹಿಡಿದುಕೊಂಡಿತು. ಸಿಕ್ಕಿದ್ದೆಲ್ಲ ಓದಿದೆ. ಓದಿದಷ್ಟೂ ಒಂದೇ ಕಡೆ ಬಂದು ನಿಲ್ಲುತ್ತೇನೆ: ವಿದ್ಯಾರ್ಥಿ, ರೋಗಿ, ಮೇಷ್ಟ್ರು ಮೂರೂ ಜನ ಒಂದೇ ಮಂಚದ ಹತ್ತಿರ ನಿಂತಾಗ ಮಾತ್ರ ವೈದ್ಯಕೀಯ ಕಲಿಕೆ ಆಗುತ್ತದೆ. ಮೂವರಲ್ಲಿ ಒಬ್ಬರು ತಪ್ಪಿದರೂ ಕೆಡುತ್ತದೆ. ಮೇಷ್ಟ್ರು ಅಲ್ಲಿ ಮಾಡಬೇಕಾದ ದೊಡ್ಡ ಕೆಲಸ ಭಾಷಣ ಅಲ್ಲ. ಹುಡುಗ ಏನು ಮಾಡುತ್ತಾನೆ ಅಂತ ನಿಂತು ನೋಡುವುದು.

ಇದು ಹೊಸ ಮಾತಲ್ಲ. ವಿಲಿಯಂ ಆಸ್ಲರ್ ಅಂತ ಕೆನಡಾದಲ್ಲಿ ಹುಟ್ಟಿದ ವೈದ್ಯರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ 1893ರಲ್ಲಿ ವೈದ್ಯಕೀಯ ಶಾಲೆ ಶುರುವಾದಾಗ ಅಲ್ಲಿದ್ದವರು. ವಿದ್ಯಾರ್ಥಿಗಳನ್ನು ಉಪನ್ಯಾಸದ ಬೆಂಚಿನಿಂದ ಎಬ್ಬಿಸಿ ವಾರ್ಡಿಗೆ ಕರೆದುಕೊಂಡು ಹೋದರು. ಅವರಿಗೇ ರೋಗಿಗಳನ್ನು ಹಂಚಿಕೊಟ್ಟು ಕೆಲಸ ಒಪ್ಪಿಸಿದರು. ಪುಸ್ತಕವಿಲ್ಲದೆ ವೈದ್ಯ ಕಲಿಯುವವನು ನಕ್ಷೆಯಿಲ್ಲದೆ ಕಡಲಿಗೆ ಇಳಿದ ಹಾಗೆ, ರೋಗಿಯಿಲ್ಲದೆ ಕಲಿಯುವವನು ಕಡಲಿಗೇ ಇಳಿಯದ ಹಾಗೆ ಅಂತ ಅವರೇ ಹೇಳಿದ್ದು. ಅಷ್ಟು ದೊಡ್ಡ ಹೆಸರಿನ ಮನುಷ್ಯ ತನ್ನ ಸಮಾಧಿಯ ಮೇಲೆ ಏನು ಬರೆಯಬೇಕು ಅಂದರೆ, ವಾರ್ಡಿನಲ್ಲಿ ವಿದ್ಯಾರ್ಥಿಗಳಿಗೆ ಕಲಿಸಿದೆ ಅಂತ ಬರೆದರೆ ಸಾಕು ಅಂದಿದ್ದರು. ಇದನ್ನು ಓದಿದಾಗಲೆಲ್ಲ ಕಣ್ಣು ತುಂಬುತ್ತದೆ.

ನೀವು ಕೇಳಬಹುದು, ಈಗಲೂ ಹುಡುಗರು ವಾರ್ಡಿಗೆ ಹೋಗುತ್ತಾರಲ್ಲ ಅಂತ. ಹೋಗುತ್ತಾರೆ. ಹೋಗಿ ಏನಾಗುತ್ತಾರೆ ನೋಡಿ. ಅಮೆರಿಕದ ಜೆಫರ್ಸನ್ ವೈದ್ಯಕೀಯ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ರೋಗಿಗಳ ಮೇಲಿರುವ ಅನುಕಂಪವನ್ನು ವರ್ಷ ವರ್ಷವೂ ಅಳೆದು 2009ರಲ್ಲಿ ಪ್ರಕಟಿಸಿದರು. ಅದು ಕುಸಿದದ್ದು ಮೂರನೇ ವರ್ಷದಲ್ಲಿ. ಅಂದರೆ ಪುಸ್ತಕ ಮುಗಿಸಿ ರೋಗಿಗಳ ಹತ್ತಿರ ಹೋಗುವ ಆ ವರ್ಷದಲ್ಲೇ! ಇದನ್ನು ಓದಿ ನನ್ನ ನಂಬಿಕೆಯೇ ಒಂದು ಕ್ಷಣ ಅಲುಗಾಡಿತು. ಆಮೇಲೆ ಆ ಹುಡುಗ ನೆನಪಾದ. ರೋಗಿಯ ಹತ್ತಿರ ಹೋದದ್ದರಿಂದ ಅವನು ಮುದುಡಲಿಲ್ಲ. ರೋಗಿಯ ಹತ್ತಿರ ಅವನು ಅರಳಿದ್ದ. ಮುದುಡಿಸಿದ್ದು ಮರುದಿನದ ರೌಂಡ್ಸ್. ಪಠ್ಯದಲ್ಲಿ ಇಲ್ಲದ ಈ ಪಾಠಕ್ಕೆ ಶಿಕ್ಷಣದ ಮಂದಿ ಗುಪ್ತ ಪಠ್ಯ ಅನ್ನುತ್ತಾರೆ. ದೊಡ್ಡವರು ಚಿಕ್ಕವರ ಜೊತೆ, ರೋಗಿಯ ಜೊತೆ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದನ್ನು ನೋಡಿ ಕಲಿಯುವ ಪಾಠ. ಅದಕ್ಕೆ ಹಾಜರಿ ಯಾವಾಗಲೂ ಪೂರ್ತಿ.

ಇನ್ನೊಂದು ಲೆಕ್ಕ. ಅಮೆರಿಕದ ಬಾಲ್ಟಿಮೋರಿನ ಎರಡು ಆಸ್ಪತ್ರೆಗಳಲ್ಲಿ ಹೊಸ ವೈದ್ಯರ ದಿನ ಹೇಗೆ ಕಳೆಯುತ್ತದೆ ಅಂತ ಹಿಂದೆಯೇ ನಿಂತು ಗಡಿಯಾರ ನೋಡಿ ಬರೆದುಕೊಂಡರು. 2013ರಲ್ಲಿ ಪ್ರಕಟವಾಯಿತು. ರೋಗಿಯ ಜೊತೆ ನೇರವಾಗಿ ಕಳೆದದ್ದು ನೂರಕ್ಕೆ 12 ಪಾಲು. ಕಂಪ್ಯೂಟರಿನ ಮುಂದೆ 40. ಕಲಿಸಬೇಕಾದ ಹಿರಿಯರೇ ಪರದೆಯ ಮುಂದೆ ಇದ್ದರೆ, ಕಿರಿಯರ ಕಣ್ಣು ಫೋನಿನ ಮೇಲೆ ಇದೆ ಅಂತ ಯಾವ ಬಾಯಿಂದ ಹೇಳುವುದು?

ಈಗ ನಿಮ್ಮ ಮದ್ದಿಗೆ ಬರೋಣ. ಹಾಜರಿ ಬಿಗಿ, ಪರೀಕ್ಷೆ ಕಷ್ಟ. ಎಡ್ವರ್ಡ್ ಡೆಸಿ ಅನ್ನುವ ಮನಶ್ಶಾಸ್ತ್ರಜ್ಞರು 1971ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ಹುಡುಗರಿಗೆ ಬಿಡಿಸಲು ಚಂದದ ಒಗಟಿನ ತುಂಡುಗಳನ್ನು ಕೊಟ್ಟರು. ಕೆಲವರಿಗೆ ಬಿಡಿಸಿದ್ದಕ್ಕೆ ದುಡ್ಡು ಕೊಟ್ಟರು, ಕೆಲವರಿಗೆ ಇಲ್ಲ. ದುಡ್ಡು ಪಡೆದವರು, ಅದು ನಿಂತಮೇಲೆ, ಬಿಡುವಿನಲ್ಲಿ ಆ ಒಗಟನ್ನು ಮುಟ್ಟುವುದೇ ಕಡಿಮೆಯಾಯಿತು. ಹೊರಗಿನಿಂದ ತಳ್ಳಿದರೆ ಒಳಗಿನ ಆಸೆ ಸೊರಗುತ್ತದೆ. ಮುಂದೆ ಡೆಸಿ ಮತ್ತು ರಿಚರ್ಡ್ ರಯಾನ್ ಸೇರಿ ಹೇಳಿದ್ದು ಇದು: ತಾನೇ ಆರಿಸಿಕೊಂಡೆ ಅನ್ನುವ ಭಾವ, ನನ್ನ ಕೈಲಾಗುತ್ತದೆ ಅನ್ನುವ ಧೈರ್ಯ, ನಾನು ಇವರಲ್ಲೊಬ್ಬ ಅನ್ನುವ ನಂಟು, ಇವು ಮೂರು ಸಿಕ್ಕರೆ ಮನುಷ್ಯ ತಾನಾಗಿ ಕಲಿಯುತ್ತಾನೆ. ಆ ರೌಂಡ್ಸಿನಲ್ಲಿ ಒಂದು ನಿಮಿಷದೊಳಗೆ ಮೂರನ್ನೂ ಕಿತ್ತುಕೊಂಡರು.

ಪರೀಕ್ಷೆಯೇ ಬೇಡ ಅನ್ನುತ್ತಿಲ್ಲ. ಮರುಓದಿಗಿಂತ ಪರೀಕ್ಷೆಯಿಂದಲೇ ನೆನಪು ಜಾಸ್ತಿ ಉಳಿಯುತ್ತದೆ, ಇದು 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನಶ್ಶಾಸ್ತ್ರಜ್ಞರು ತೋರಿಸಿದ್ದು. ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಒಂದು ವಾರದ ನಂತರ ಮುಂದಿದ್ದರು. ಹಾಗಾಗಿ ಪರೀಕ್ಷೆ ದಿನಾ ಇರಲಿ. ಐದು ನಿಮಿಷದ್ದು, ಅಂಕ ಇಲ್ಲದ್ದು, ತಪ್ಪಿದರೆ ನಾಚಿಕೆ ಇಲ್ಲದ್ದು. ವರ್ಷದ ಕೊನೆಗೆ ಕತ್ತಿಯ ಹಾಗೆ ತೂಗುವ ಪರೀಕ್ಷೆಗೆ ಹುಡುಗರು ಉರು ಹೊಡೆಯುತ್ತಾರೆ, ಹೊರಗೆ ಬಂದು ಮರೆಯುತ್ತಾರೆ. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು ಅಂತ ನಮ್ಮ ಹಿರಿಯರು ಕೇಳಿದ್ದು ಸುಮ್ನೆ ಅಲ್ಲ.

ನಾನು ಕಲಿಸುವುದು ಫಿಸಿಯಾಲಜಿ, ನನ್ನ ಹತ್ತಿರ ವಾರ್ಡ್ ಎಲ್ಲಿದೆ ಅಂತೀರಾ? ರೋಗಿಯನ್ನು ತರಗತಿಗೆ ಕರೆಯಿರಿ, ಅವರು ಒಪ್ಪಿದರೆ. ಇಲ್ಲವಾದರೆ ಅವರ ಕಥೆಯನ್ನು ತನ್ನಿ. “ಒಬ್ಬರು ಮೂರು ದಿಂಬು ಒರಗಿಸಿಕೊಂಡೇ ಮಲಗುತ್ತಾರೆ, ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂತರೆ ಸರಿಹೋಗುತ್ತದೆ. ಯಾಕೆ?” ಅಂತ ಕೇಳಿ, ಐದು ನಿಮಿಷ ಬಾಯಿ ಬಿಡಬೇಡಿ. ತಪ್ಪು ಉತ್ತರ ಬರಲಿ, ಜಗಳ ಆಗಲಿ. ಮಲಗಿದಾಗ ಕಾಲಿನ ರಕ್ತ ಎದೆಯ ಕಡೆ ಬರುತ್ತದೆ, ಸೋತ ಹೃದಯ ಅದನ್ನು ಮುಂದಕ್ಕೆ ತಳ್ಳಲಾರದು, ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ ಅಂತ ಯಾರೋ ಒಬ್ಬಳು ಹಿಂದಿನ ಬೆಂಚಿನಿಂದ ಹೇಳುತ್ತಾಳೆ. ಆಮೇಲೆ ನಿಮ್ಮ ಸ್ಲೈಡ್ ಹಾಕಿ. ಆಗ ಅದನ್ನು ಫೋನಿಗೆ ಕೇಳುವುದಿಲ್ಲ, ಕಣ್ಣಿಟ್ಟು ನೋಡುತ್ತಾರೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ 1969ರಲ್ಲಿ ಇಡೀ ವೈದ್ಯ ಶಿಕ್ಷಣವನ್ನೇ ಹೀಗೆ ಸಮಸ್ಯೆಯಿಂದ ಶುರು ಮಾಡಿತು. ಅಷ್ಟು ದೊಡ್ಡದು ನಿಮ್ಮೊಬ್ಬರ ಕೈಲಿ ಆಗುವುದಿಲ್ಲ, ಮೊದಲ ಹತ್ತು ನಿಮಿಷ ಆಗುತ್ತದೆ.

ಮಂಚದ ಹತ್ತಿರ ಕಲಿಸುವ ನಿಮ್ಮ ಗೆಳೆಯರಿಗೂ ಒಂದು ಮಾತು ತಿಳಿಸಿ. ಸಮಯವೇ ಇಲ್ಲ ಅನ್ನುವವರಿಗಾಗಿ 1992ರಲ್ಲಿ ಕೆಲವು ಕುಟುಂಬ ವೈದ್ಯರು ಒಂದು ಸರಳ ಕ್ರಮ ಬರೆದರು, ಅದಕ್ಕೆ ಒಂದು ನಿಮಿಷದ ಪಾಠ ಅಂತಲೇ ಹೆಸರು ಬಿತ್ತು. ನಿನಗೆ ಇದು ಏನು ಅನಿಸುತ್ತದೆ ಅಂತ ಮೊದಲು ಅವನಿಂದಲೇ ಹೇಳಿಸುವುದು. ಯಾಕೆ ಹಾಗನಿಸಿತು ಅಂತ ಕೇಳುವುದು. ಎಲ್ಲ ರೋಗಿಗಳಿಗೂ ಬಳಕೆಗೆ ಬರುವ ಒಂದೇ ಒಂದು ಮಾತು ಹೇಳಿಕೊಡುವುದು. ಸರಿ ಮಾಡಿದ್ದನ್ನು ಇಂಥದ್ದು ಸರಿ ಅಂತ ಹೆಸರಿಟ್ಟು ಹೇಳುವುದು, ತಪ್ಪನ್ನು ತಿದ್ದುವುದು. ನನ್ನ ಮಂಚದ ಹತ್ತಿರ ಇಷ್ಟು ನಡೆದಿದ್ದರೆ “ನೀನು ಮಾತ್ರೆ ಕೇಳಿದ್ದು ಸರಿ” ಅನ್ನುವ ನಾಲ್ಕು ಪದ ಆ ಹುಡುಗನಿಗೆ ಸಿಗುತ್ತಿತ್ತು. ನಾಲ್ಕೇ ಪದ.

ಆದರೆ ತಪ್ಪೆಲ್ಲ ಮೇಷ್ಟ್ರುಗಳದ್ದು ಅಂತ ನಾನು ಹೇಳಿದರೆ ಅದೂ ಅನ್ಯಾಯ. ಕಲಿಸುವುದು ಹೇಗೆ ಅಂತ ವೈದ್ಯರಿಗೆ ಯಾರು ಕಲಿಸಿದರು? ಚೂರಿ ಹಿಡಿಯಲು ವರ್ಷಗಟ್ಟಲೆ ತರಬೇತಿ, ತರಗತಿಗೆ ಹೋಗಲು ಹೆಚ್ಚೆಂದರೆ ಕೆಲವೇ ದಿನದ ತರಬೇತಿ. ಬಡ್ತಿ ಬಂದಾಗ ಎಣಿಸುವುದು ಎಷ್ಟು ಸಂಶೋಧನಾ ಲೇಖನ ಬಂದಿದೆ ಅಂತ. ಯಾರೂ ಓದದ ಲೇಖನಕ್ಕೂ ಅಂಕ ಇದೆ, ನೂರು ಜನ ಒಳ್ಳೆಯ ವೈದ್ಯರನ್ನು ತಯಾರು ಮಾಡಿದ್ದಕ್ಕೆ ಇಲ್ಲ. ಶಾಲೆಯಲ್ಲೂ ಇದೇ ಕಥೆ, ಎಲ್ಲ ಕಡೆಯೂ ಇದೇ. ಎಣಿಸಲು ಬರುವುದಕ್ಕೆ ಮರ್ಯಾದೆ, ಎಣಿಸಲು ಬಾರದ್ದಕ್ಕೆ ಬರೀ ಶಿಕ್ಷಕರ ದಿನದ ಹಾರ. ನನಗೆ ಸಿಟ್ಟು ಬರುವುದೇ ಇಲ್ಲಿ.

ಕಲಿಸಿದವರನ್ನು ಮರೆಯುವುದು ಇಂದಿನ ಕಥೆಯೂ ಅಲ್ಲ. ಆವೆನ್‌ಬ್ರುಗರ್ ಅನ್ನುವ ವೈದ್ಯರು ಎದೆಯನ್ನು ಬೆರಳಿನಿಂದ ತಟ್ಟಿ ಒಳಗೆ ನೀರು ತುಂಬಿದೆಯಾ ಅಂತ ತಿಳಿಯುವ ಕ್ರಮವನ್ನು 1761ರಲ್ಲಿ ವಿಯೆನ್ನಾದಲ್ಲಿ ಪ್ರಕಟಿಸಿದರು. ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಸುಮಾರು ಐವತ್ತು ವರ್ಷ ಆದಮೇಲೆ ಪ್ಯಾರಿಸಿನ ಕೊರ್ವಿಸಾರ್ ಅದನ್ನು ತನ್ನ ವಿದ್ಯಾರ್ಥಿಗಳಿಗೆ ಮಂಚದ ಪಕ್ಕ ನಿಲ್ಲಿಸಿ ಕಲಿಸಿದರು. 1808ರಲ್ಲಿ ಫ್ರೆಂಚ್‌ಗೆ ಅನುವಾದ ಮಾಡಿದರು, ಹೆಗ್ಗಳಿಕೆಯನ್ನು ಆವೆನ್‌ಬ್ರುಗರ್‌ಗೇ ಬಿಟ್ಟರು. ಕೊರ್ವಿಸಾರ್ ಅವರ ಶಿಷ್ಯರಲ್ಲೊಬ್ಬ ಲೆನೆಕ್, 1816ರಲ್ಲಿ ಕಾಗದದ ಸುರುಳಿ ಮಾಡಿ ರೋಗಿಯ ಎದೆಗಿಟ್ಟು ಕೇಳಿದವನು. ನಿಮ್ಮ ಕೊರಳಲ್ಲಿ ತೂಗುವ ಸ್ಟೆತಸ್ಕೋಪ್ ಅಲ್ಲಿಂದ ಬಂತು. ಕಂಡುಹಿಡಿದವನ ಹೆಸರು ಎಲ್ಲರಿಗೂ ಗೊತ್ತು. ನಡುವೆ ನಿಂತು ಕಲಿಸಿದವರನ್ನು ಎಷ್ಟು ಜನ ಕೇಳಿದ್ದಾರೆ?

ಹಾಗಾಗಿ ಡಾಕ್ಟರೇ, ಹಾಜರಿ ಬಿಗಿ ಮಾಡಿ ಅಂತ ಗಟ್ಟಿಯಾಗಿ ಬರೆಯಲು ನನ್ನಿಂದ ಆಗುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಕಲಿಸುವ ಕೆಲಸವನ್ನೂ ಬಡ್ತಿಗೆ ಎಣಿಸಿ ಅಂತ ಬರೆಯುತ್ತೇನೆ, ಮುಂದಿನ ಸಂಚಿಕೆಯ ಸಂಪಾದಕೀಯ ಅದೇ. ನೀವು ಈ ವಾರ ಆ ಮೂರು ದಿಂಬಿನ ಪ್ರಶ್ನೆ ಕೇಳಿ ನೋಡಿ. ಏನಾಯಿತು ಅಂತ ಬರೆಯಿರಿ. ಹಿಂದಿನ ಬೆಂಚಿನವರ ಹತ್ತಿರವೂ ಒಂದು ಪತ್ರ ಬರೆಸಿ ಕಳಿಸಿ, ಅದರಲ್ಲಿ ನಿಮ್ಮ ಮೇಲೆ ದೂರು ಇದ್ದರೂ ಪರವಾಗಿಲ್ಲ. ಅದಕ್ಕೂ ಇಷ್ಟೇ ಜಾಗ ಕೊಡುತ್ತೇನೆ.

– ಸಂಪಾದಕ